ಕಣ್ಣಿಗಾಗಿ ಕಾಲಿಗೆ ಸೂಜಿ

“ಮೊದಲು ನನ್ನ ಮಗನ ಕಾಲಿಗೆ ಚುಚ್ಚಿ ತೋರಸ್ರಿ,” ಎಂದಳು ಬಸ್ಸಮ್ಮ. “ಆಮ್ಯಾಲೆ ನನಗ.”

ಪಕ್ಕದಲ್ಲಿ ಕೂತವನ ಉಸಿರು ಗಕ್ಕನೆ ನಿಂತದ್ದು ಆ ಕುರುಡಿಗೆ ಕೇಳಿಸಿತು.

ರಾಯಚೂರಿನ ಸೂಜಿ ವೈದ್ಯ ಖಾಜಾಮಿಯಾ ನಕ್ಕರು. ಕಣ್ಣಿನ ದೋಷಕ್ಕೆ ಅವರು ಸೂಜಿ ಚುಚ್ಚುವುದು ಕಾಲಿಗೆ. ಹೊರಮಗ್ಗುಲಲ್ಲಿ, ಪಾದದ ಗಂಟಿನಿಂದ ಮುಕ್ಕಾಲು ಗೇಣು ಮೇಲೆ. ಪಕ್ಕದ ಮನೆಯ ಗೋಪಮ್ಮ ಚುಚ್ಚಿಸಿಕೊಂಡು ಬಂದು ಜಾಗವನ್ನೂ ಮುಟ್ಟಿಸಿ ತೋರಿಸಿದ್ದಳು.

ಮಗ ಉರುಕುಂದಪ್ಪ ಮೀಸೆ ಮೂಡುವ ಮೊದಲೇ ಗಬ್ಬೂರು ಬಿಟ್ಟು ಮುಂಬಯಿಗೆ ದುಡಿಯಲು ಹೋದವನು. ಬಸ್ಸಮ್ಮನ ಕಣ್ಣು ಪೂರ್ತಿ ಹೋದ ಮೇಲೆ, ೧೯೭೮ರ ಬೇಸಿಗೆಯಲ್ಲಿ, ಗಡ್ಡದವನೊಬ್ಬ “ಯವ್ವಾ” ಎಂದು ಬಾಗಿಲಲ್ಲಿ ನಿಂತ. ಮುಟ್ಟಿದರೆ ಸೊಂಟದಲ್ಲಿ ಬೆಳ್ಳಿಯ ಉಡದಾರ. ಜೀವ ಹೋದರೂ ಬಿಚ್ಚಬ್ಯಾಡಪ್ಪಾ ಎಂದು ತಾನೇ ಕಟ್ಟಿದ್ದ ಉಡದಾರ! ಊರೇ ಹಿಗ್ಗಿತು. ಬಸ್ಸಮ್ಮನಿಗೆ ಮಾತ್ರ ಒಳಗೊಳಗೇ ಕಸಿವಿಸಿ. ಬಂದ ವಾರದಲ್ಲೇ ಹೊಲ ತನ್ನ ಹೆಸರಿಗೆ ಬರೆದು ಹೆಬ್ಬೆಟ್ಟು ಒತ್ತು ಎಂದು ಬೆನ್ನು ಹತ್ತಿದನಲ್ಲ, ಇವನು ಹೆತ್ತ ಮಗನೋ, ಯಾವನೋ? ಮಗನಲ್ಲದಿದ್ದರೆ ಆ ಉಡದಾರ ಇವನ ಕೈಗೆ ಹೇಗೆ ಬಂತು?

ಹೋದ ತಿಂಗಳು, ಅವನು ಹೊರಗೆ ಕಟ್ಟೆಯ ಮೇಲೆ ಕೂತಿದ್ದಾಗ, ಗೋಪಮ್ಮನ ಮುಂದೆ ಗಟ್ಟಿಯಾಗಿಯೇ ಹೇಳಿದ್ದಳು: “ಸಣ್ಣಾವಿದ್ದಾಗ ಕಾಮಾಲಿ ಆಗಿ ಸಾಯಾಕತ್ತಿದ್ದ. ಕಬ್ಬಿಣ ಕಾಸಿ, ಬಲಗಾಲಿಗೆ ಅದೇ ಸೂಜಿ ಜಾಗದಾಗ ಬರಿ ಎಳಿಸಿದೆ. ಆ ಗುರ್ತು ಮುಟ್ಟಿದ್ರ ಸಾಕು, ಕತ್ತಲ್ಯಾಗೂ ಮಗನ್ನ ಹಿಡೀತೀನಿ.”

ಆದರೆ ಮುಟ್ಟಿ ನೋಡುವ ಧೈರ್ಯ ಬಂದಿರಲಿಲ್ಲ.

ಕಣ್ಣು ತೋರಿಸಿಕೊಂಡ ಮೇಲೆಯೇ ಹೆಬ್ಬೆಟ್ಟು ಎಂದು ಹಟ ಹಿಡಿದಳು. “ಈ ವಯಸ್ಸಿನ್ಯಾಗ ಕಣ್ಣು ತಗೊಂಡು ಏನ್ ಮಾಡ್ತಿ ಬೇ?” ಎಂದು ಗೊಣಗುತ್ತಲೇ ಬಂದಿದ್ದ. ಬಸ್ಸಿಳಿದು ನಡೆಯುವಾಗ ಒಂದು ಕಾಲು ಎಳೆಯುತ್ತಿದ್ದ. ಹೊಸ ಚಪ್ಪಲಿ ಕಚ್ಚಿದೆಯಂತೆ.

“ಬಲಗಾಲು ಕೊಡ್ರಿ,” ಎಂದರು ವೈದ್ಯರು. ಧೋತರ ಸರಿಯಿತು. “ಅರೆ, ಇಲ್ಲೊಂದು ಬರಿ ಐತಲ್ಲ!”

“ಹಳೇದ್ರಿ. ಸಣ್ಣಾವಿದ್ದಾಗ ಕಾಮಾಲಿಗೆ ನಮ್ಮವ್ವ ಎಳಿಸಿದ್ದು.”

ಬಸ್ಸಮ್ಮ ಕೈ ಚಾಚಿದಳು. ಉಬ್ಬಿದ ಬರೆ ಬೆರಳಿಗೆ ಸಿಕ್ಕಿತು. ಒತ್ತಿದಳು. ಅವನು ನೋವಿಗೆ ಹೌಹಾರಿದ.

“ಸೂಜಿ ಇನ್ನೂ ಚುಚ್ಚೇ ಇಲ್ಲಲ್ರೀ!” ಖಾಜಾಮಿಯಾ ನಕ್ಕರು.

ಬಸ್ಸಮ್ಮನ ಕಣ್ಣಿನಿಂದ ದಳದಳನೆ ನೀರು ಇಳಿಯಿತು.

“ಈಗರ ನಂಬಿಕಿ ಬಂತೇನು ಯವ್ವಾ?”

“ಬಂತಪ್ಪಾ.” ಆ ಕಾಲನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು. “ಡಾಕ್ಟರೇ, ನನಗ ಸೂಜಿ ಬ್ಯಾಡ್ರಿ. ಎಲ್ಲಾ ಕಾಣಾಕತ್ತದ. ಹೊರಗಿದ್ದ ಮಂದೀನ ಒಳಗ ಕರೀರಿ.”

ಅವಳ ಉರುಕುಂದಪ್ಪನಿಗೆ ಎಂದೂ ಕಾಮಾಲೆ ಆಗಿರಲಿಲ್ಲ. ಅವಳು ಬರೆ ಎಳೆಸಿರಲೂ ಇಲ್ಲ.