ಕಿರುಬೆರಳಿನ ಹೂಂ

"ಇನ್ನೂ ಎಷ್ಟು ಹೊತ್ತು ಸಿಸ್ಟರ್? ರೋಗಿ ಟೇಬಲ್ ಮೇಲೆ ಕಾಯ್ತಿದಾರೆ!" ಕೈಗವಸು ತೊಟ್ಟು ನಿಂತಿದ್ದ ದವಡೆಯ ಸರ್ಜನ್ ಗುಡುಗಿದರು.

ಮೂಗಿನೊಳಗಿಂದ ಇಳಿಸಬೇಕಾದ ಉಸಿರಿನ ಕೊಳವೆಯನ್ನು ಸಿಸ್ಟರ್ ಬೆಚ್ಚಗಿನ ಸಲೈನಿನಿಂದೆತ್ತಿ ಕಿರುಬೆರಳ ಮೇಲೆ ಬಾಗಿಸಿ ನೋಡಿದರು. ಇನ್ನೂ ಸೆಟೆದುಕೊಂಡೇ ಇತ್ತು. ಮೆದುವಾಗಲೆಂದು ಮತ್ತೆ ಮುಳುಗಿಸಿದರು. "ಮೊನ್ನೆ ನಾನು ರಜೆಯಲ್ಲಿದ್ದಾಗ ಗಟ್ಟಿ ಕೊಳವೆ ಮೂಗೊಳಗೆ ಗೀರಿ, ರಕ್ತ ಒರೆಸೋದ್ರಲ್ಲೇ ಅರ್ಧ ಗಂಟೆ ಹೋಯ್ತಂತಲ್ಲ ಸರ್. ಇದಕ್ಕೆ ಇನ್ನೆರಡೇ ನಿಮಿಷ."

ರೋಗಿಗೆ ನಿದ್ದೆ ಬಂದ ಮೇಲೆ ಅರಿವಳಿಕೆ ಡಾಕ್ಟರು ಆ ಮೆದು ಕೊಳವೆಗೆ ಜೆಲ್ ಸವರಿ ಒಳಗಿಳಿಸಿದರು. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಇಳಿಯಿತು. ಮೂಗಿನ ಹೊಳ್ಳೆಗೆ ಒತ್ತಿದ ಬಿಳಿ ಗಾಜ್ ಬಟ್ಟೆ ಬಿಳಿಯಾಗಿಯೇ ಹೊರಬಂತು. ಸರ್ಜನ್ ಅದನ್ನೇ ನೋಡಿದರು.

ಮುಂದಿನ ರೋಗಿ ಒಳಬಂದಾಗ ಅವರು ಕೈಗವಸು ತೊಡದೆ ಗೋಡೆಗೊರಗಿ ನಿಂತಿದ್ದರು. "ಅವಸರವಿಲ್ಲ ಸಿಸ್ಟರ್. ನಿಮ್ಮ ಕಿರುಬೆರಳು ಹೂಂ ಅಂದ ಮೇಲೆ ಕರೀರಿ."