ಉಗುರುಕಪ್ಪೆಯ ಜಾಡಿ

ರಾತ್ರಿ ಬಾಗಿಲು ಬಡಿದ ಸದ್ದಿಗೆ ಸಂಶೋಧಕಿ ಕದ ತೆರೆದಳು. ನಿವೃತ್ತ ಗುರುಗಳು ನಿಂತಿದ್ದರು. ಕೈಯಲ್ಲಿ, ಸಂಗ್ರಹಾಲಯದಿಂದ ವಾರದ ಹಿಂದೆ ಕಾಣೆಯಾಗಿದ್ದ ಕಪ್ಪೆಯ ಜಾಡಿ.

“ಅಟೆಂಡರ್ ಬಾಯಿಬಿಟ್ನಾ ಸಾರ್?” ಎಂದಳು. ಕಳವಿನ ಆರೋಪ ಹೊತ್ತ ಆ ಬಡಪಾಯಿಯ ಕೆಲಸಕ್ಕೆ ಬೆಳಗಾದರೆ ಸಂಚಕಾರ.

“ಮೊದಲು ನೋಡಮ್ಮ. ನಿನ್ನ ಅನುಮಾನ ತೀರಿಸ್ಕೋ.”

ನಲವತ್ತು ವರ್ಷದ ಹಿಂದೆ ಹೊಸ ಪ್ರಭೇದವೆಂದು ಹೆಸರಿಟ್ಟು ಗುರುಗಳು ಕೀರ್ತಿ ಗಳಿಸಿದ, ಉಗುರಿನಷ್ಟು ಗಾತ್ರದ ಕಪ್ಪೆ ಅದು. ನಿಜಕ್ಕೂ ಹೊಸದೇ ಎಂಬ ಅನುಮಾನದಿಂದ ಅವಳು ಮರುಪರೀಕ್ಷೆಗೆ ಕೇಳಿದ ಬೆನ್ನಲ್ಲೇ ಜಾಡಿ ಕಾಣೆಯಾಗಿತ್ತು. ಅವಳು ಮಸೂರ ಹಿಡಿದಳು. ಹಿಂಗಾಲುಗಳ ನಡುವೆ, ಪೂರ್ತಿ ಕರಗದ ಬಾಲದ ಮೋಟು! ಹೊಸ ಪ್ರಭೇದವಲ್ಲ, ಎಲ್ಲರೂ ಬಲ್ಲ ಕೆರೆಕಪ್ಪೆಯ ಮರಿ. ತಲೆಯೆತ್ತಲಾರದೆ ಅವಳು ಮಸೂರವನ್ನೇ ಒರೆಸುತ್ತ ಕುಳಿತಳು.

“ಪಾಪ, ಮರೀನ ಇಷ್ಟು ವರ್ಷ ದೊಡ್ಡವರ ಸಾಲಲ್ಲಿ ಕೂರಿಸಿದ್ದೆ. ಮುಲಾಜಿಲ್ಲದೆ ಬರೆದುಬಿಡು,” ಎಂದರು ಗುರುಗಳು. “ಅಟೆಂಡರ್ ಇದನ್ನ ಮುಟ್ಟಿಯೂ ಇಲ್ಲ.

“ಕದ್ದವನು ನಾನೇ.”