ದಾಕ್ಷಾಯಣಿಯ ಮನೆ ಮೇಲಿನ ಆಕಾಶ

ಊರಿನ ಆಕಾಶಕ್ಕೆ ಬಣ್ಣ ತುಂಬುವ ಕಚೇರಿಯಲ್ಲಿ ಕಸ್ತೂರಿಯಂಥ ಗುಮಾಸ್ತೆ ಮೂರು ಲೋಕ ಜಾಲಾಡಿದರೂ ಸಿಗುತ್ತಿರಲಿಲ್ಲ. ಕಂಪ್ಯೂಟರಿನ ಹಾಳೆಯಲ್ಲಿ ಮನೆಗೊಂದು ಚೌಕ. ಚೌಕಕ್ಕೆ ಯಾವ ಬಣ್ಣ ತುಂಬಿದರೆ ಆ ಮನೆಯ ಮೇಲಿನ ಆಕಾಶಕ್ಕೂ ಅದೇ ಬಣ್ಣ.

ಆದರೆ ಪಕ್ಕದ ಕುರ್ಚಿಯ ದಾಕ್ಷಾಯಣಿ ಸಿದ್ಧ ಬಣ್ಣಗಳನ್ನು ಬಿಟ್ಟು ತಾನೇ ಕಲಸುವುದನ್ನು ಕಲಿತಳು. ತನ್ನ ಮನೆಯ ಮೇಲೆ ದಾಳಿಂಬೆ ಬಣ್ಣ ತುಂಬಿದ್ದೇ ತಡ, ಏಳೂರಿನ ಜನ ಅವಳ ಮಾಳಿಗೆ ಹತ್ತಿದರು. ಕಸ್ತೂರಿಯ ಅತ್ತೆಯೂ ಹತ್ತಿದಳು, ಚಾಪೆ ಸಮೇತ.

"ನಮ್ಮ ಮನಿ ಮ್ಯಾಲಿಂದು ನೋಡಿದ್ರ ಹುಳಿ ಮಜ್ಜಿಗಿ ನೋಡಿದಂಗ ಆಗತೈತಿ ಬಿಡವಾ," ಎಂದಳು ಸೊಸೆಗೆ.

ಕಸ್ತೂರಿಯ ಹೊಟ್ಟೆಯಲ್ಲೆದ್ದ ಕಿಚ್ಚಿಗೆ ಹತ್ತು ಮನೆಯ ರೊಟ್ಟಿ ಬೇಯುತ್ತಿದ್ದವು. ಅವಳೂ ಮುನ್ನೂರು ಬಣ್ಣ ಕಲಸಿದಳು, ಮುನ್ನೂರೂ ಕೆಸರಾದವು. ಮರುದಿನ ಸಂಜೆ ದಾಕ್ಷಾಯಣಿ ಮನೆಗೆ ಹೊರಟದ್ದೇ, ಅವಳ ಚೌಕ ಹಿಡಿದು 'ಬಣ್ಣ ಬೇಡ' ಎಂಬುದನ್ನು ಒತ್ತಿಬಿಟ್ಟಳು. ಬೋಳಾಗಲಿ ಅವಳ ಆಕಾಶ!

ಮನೆಯತ್ತ ಬಂದರೆ ಬೀದಿಯೆಲ್ಲ ಖಾಲಿ. ಊರಿಗೆ ಊರೇ ದಾಕ್ಷಾಯಣಿಯ ಮಾಳಿಗೆಯ ಮೇಲೂ ಮೆಟ್ಟಿಲ ಸಾಲಿನಲ್ಲೂ ಬಾಯಿ ತೆರೆದು ನಿಂತಿತ್ತು. ಬಣ್ಣ ಹೋದ ಚೌಕದಲ್ಲಿ, ನಲವತ್ತು ವರ್ಷಗಳಿಂದ ಯಾರೂ ಕಾಣದಿದ್ದ ನಿಜವಾದ ಆಕಾಶ ಗಳಿಗೆಗೊಂದು ಬಣ್ಣವಾಗುತ್ತಿತ್ತು.

"ಹೆಂಗ ಕಲಸಿದಿ ತಾಯಿ ಇದನ್ನ?" ಅತ್ತೆ ಕೇಳುತ್ತಿದ್ದಳು.

"ಮೂರು ದಿನ ಕುಂತು ಕಲಸೀನ್ರಿ," ಎಂದಳು ದಾಕ್ಷಾಯಣಿ, ತಾನೂ ಬೆರಗಾಗಿ ಮೇಲೆ ನೋಡುತ್ತ.

"ಸುಳ್ಳು! ಅದನ್ನ ಮಾಡಿದಾಕಿ ನಾನು!" ಎಂಬ ಮಾತು ಕಸ್ತೂರಿಯ ಗಂಟಲಿನವರೆಗೆ ಬಂತು. ಇನ್ನೊಬ್ಬ ಗುಮಾಸ್ತೆ ತುಂಬಿದ ಚೌಕ ಮುಟ್ಟಿದವರಿಗೆ ಕಚೇರಿಯಲ್ಲಿ ಕೆಲಸ ಉಳಿಯುವುದಿಲ್ಲ. ಮಾತು ನುಂಗಿಕೊಂಡು, ಅವಳೂ ಸಾಲಿನ ಕೊನೆಗೆ ನಿಂತಳು, ಮಾಳಿಗೆ ಹತ್ತಲು.